ಜೀಪಿನ ಸೆಲ್ಫ್ ಮೋಟರು, ಇಲ್ಲದ ಮೂರನೇ ಬೋಲ್ಟು

ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಒಳಕ್ಕೆ. ಮನೆಯಿಂದ ಕಾಫಿ ಕಣಕ್ಕೆ ಹೋಗಲು ಒಂದು ಏರು ಹತ್ತಬೇಕು. ಕೀ ತಿರುಗಿಸಿದಾಗ ಎಂಜಿನ್ನನ್ನು ಸುತ್ತಿಸಿ ಶುರು ಮಾಡುವ ಸೆಲ್ಫ್ ಮೋಟರು ಕೈಕೊಡುತ್ತಿದ್ದರಿಂದ, ಕಳೆದ ಮಳೆಗಾಲ ಪೂರ್ತಿ ನಮ್ಮ ಹಳೇ ಡೀಸೆಲ್ ಜೀಪು ರಾತ್ರಿ ನಿಲ್ಲುತ್ತಿದ್ದದ್ದು ಆ ಏರಿನ ನೆತ್ತಿಯಲ್ಲಿ, ಹಿಂದಿನ ಎರಡು ಚಕ್ರಕ್ಕೂ ಕಲ್ಲು ಕೊಟ್ಟು. ಬೆಳಿಗ್ಗೆ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಇಳಿಜಾರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತಿತ್ತು. ಮಲೆನಾಡಿನಲ್ಲಿ ಜೀಪು ಇಟ್ಟವರಿಗೆಲ್ಲ ಈ ಉಪಾಯ ಗೊತ್ತು. ಆದರೆ ಇಳಿಜಾರು ಇರುವ ಕಡೆ ಮಾತ್ರ ಇದು ನಡೆಯುತ್ತದೆ. ಜನವರಿಯಲ್ಲಿ ಹತ್ತು ಮೂಟೆ ಕಾಫಿ ತುಂಬಿಕೊಂಡು ಚಿಕ್ಕಮಗಳೂರಿನ, ಕಾಫಿ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿದ್ದೆ. ಲೋಡ್ ಇಳಿಸಿ ಹೊರಡುವಾಗ ಕೀ ತಿರುಗಿಸಿದರೆ ಬರೀ ‘ಟಕ್’. ಅಂಗಳ ಅಂಗೈಯಷ್ಟು ಸಮ. ದಿನವಿಡೀ ಮೂಟೆ ಹೊತ್ತು ಸುಸ್ತಾಗಿದ್ದ ನಾಲ್ಕು ಜನ ಹಮಾಲರು ತಳ್ಳಿಕೊಟ್ಟರು. ಆ ಸಂಜೆ ಮನೆಗೆ ಬರುವಷ್ಟರಲ್ಲಿ ಸೆಲ್ಫ್ ಬಿಚ್ಚಲೇಬೇಕು ಎಂದು ತೀರ್ಮಾನಿಸಿದ್ದೆ.

ಬಿಚ್ಚುವ ಮೊದಲು ಬಿಚ್ಚುವ ಅಗತ್ಯ ಇದೆಯೇ ಎಂದು ನೋಡಬೇಕು. ‘ಟಕ್’ ಎಂದ ಕೂಡಲೇ ಮೋಟರು ಹೋಯಿತು ಅಂತಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿದೆ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಅಥವಾ ಟರ್ಮಿನಲ್ ಮೇಲೆ ಮೊದಲ ಅನುಮಾನ. ಬೆಳಕು ಹಾಗೇ ಇದ್ದು ‘ಟಕ್’ ಮಾತ್ರ ಕೇಳಿದರೆ ಕರೆಂಟು ಮೋಟರಿನ ಒಳಗೆ ಹೋಗುತ್ತಿಲ್ಲ. ನಮ್ಮದು ಕೆಲವೊಮ್ಮೆ ಹೀಗೆ, ಕೆಲವೊಮ್ಮೆ ಹಾಗೆ. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ 12.6 ವೋಲ್ಟ್, ಅಂದರೆ ತುಂಬಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಕಬ್ಬಿಣಕ್ಕೆ ಹಿಡಿದು, ಸೆಲ್ಫ್ ಹೇಗೋ ಎಳೆದ ಹೊತ್ತಿನಲ್ಲಿ ನೋಡಿದೆ: 1.4 ವೋಲ್ಟ್. ಅರ್ಧ ವೋಲ್ಟಿನ ಒಳಗಿರಬೇಕಾದದ್ದು. ಮೈನಸ್ಸನ್ನು ಗಾಡಿಯ ಕಬ್ಬಿಣಕ್ಕೆ ಸೇರಿಸುವ ಅರ್ತ್ ಪಟ್ಟಿಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ, ಬಿಗಿ ಮಾಡಿದ ಮೇಲೆ 0.2ಕ್ಕೆ ಇಳಿಯಿತು. ಇಷ್ಟಕ್ಕೇ ಎಷ್ಟೋ ಜೀಪುಗಳ ಸೆಲ್ಫ್ ಸರಿಹೋಗುತ್ತದೆ, ಈ ಹೆಜ್ಜೆ ಯಾರೂ ಬಿಡಬಾರದು. ನಮ್ಮದಕ್ಕೆ ಮಾತ್ರ ಇನ್ನೊಂದು ಕಾಯಿಲೆ ಉಳಿದಿತ್ತು: ಸೆಲ್ಫ್ ಹೊಡೆದಾಗ ಫ್ಲೈವೀಲ್ (ಸೆಲ್ಫ್ ತನ್ನ ಹಲ್ಲು ಕಚ್ಚಿಸಿ ತಿರುಗಿಸುವ ಎಂಜಿನ್ನಿನ ಚಕ್ರ) ಕಡೆಯಿಂದ ಹಲ್ಲಿಗೆ ಹಲ್ಲು ಕಡಿದ ಹಾಗೆ ‘ಕರ‍್ರ್’ ಎನ್ನುವ ಸದ್ದು.

ಆ ಸದ್ದು ಶುರುವಾದದ್ದು ಆರು ತಿಂಗಳ ಹಿಂದೆ, ಪೇಟೆಯ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆ. ಆಗ ಗೇರ್‌ಬಾಕ್ಸ್ ಇಳಿಸುವುದಕ್ಕೆ ಸೆಲ್ಫನ್ನೂ ಬಿಚ್ಚಿದ್ದರು. ಎರಡು ಸಲ ತೋರಿಸಿದೆ. “ಡೀಸೆಲ್ ಗಾಡಿ ಸರ್, ಸೌಂಡ್ ಇರುತ್ತೆ” ಅಂದರು.

ಡೀಸೆಲ್ ಎಂಜಿನ್ನಿನ ಸೆಲ್ಫಿಗೆ ಬೀಳುವ ಹೊರೆಯೇ ಬೇರೆ, ಅದು ನಿಜ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಂಟು-ಹತ್ತು ಪಟ್ಟು ಒತ್ತಿದರೆ, ಹಳೇ ಡೀಸೆಲ್ ಇಪ್ಪತ್ತು ಪಟ್ಟಿನ ಆಸುಪಾಸು ಒತ್ತುತ್ತದೆ. ಆ ಒತ್ತಡದ ವಿರುದ್ಧ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗಿಸಲು ಮೋಟರು ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಬಲದಿಂದ ಫ್ಲೈವೀಲನ್ನು ತಳ್ಳುವಾಗ ಅದೇ ಬಲ ಮೋಟರಿನ ಮೈಯನ್ನೂ ಹಿಂದಕ್ಕೆ ತಿರುಚುತ್ತದೆ. ಅದನ್ನು ತಡೆದು ನಿಲ್ಲಿಸುವುದು, ಫ್ಲೈವೀಲನ್ನು ಮುಚ್ಚುವ ಕವಚವಾದ ಬೆಲ್ ಹೌಸಿಂಗ್‌ಗೆ ಕೂತ ಬೋಲ್ಟುಗಳು. ನಮ್ಮ ಜೀಪಿನಲ್ಲಿ ಮೂರು.

ಶನಿವಾರ ಬೆಳಿಗ್ಗೆ ಅಕ್ಕನ ಮಗ ಬಂದ, ಹಾಸನದಲ್ಲಿ ಡಿಪ್ಲೊಮಾ ಓದುವ ಹುಡುಗ. ಕಣದ ಸಿಮೆಂಟಿನ ಮೇಲೆ ಜೀಪು ನಿಲ್ಲಿಸಿ, ಜಾಕ್ ಕೊಟ್ಟು, ಆಮೇಲೆ ಚಾಸಿಯ ಎರಡೂ ಕಡೆ ಹಲಸಿನ ಮರದ ದಪ್ಪ ದಿಮ್ಮಿ ಇಟ್ಟು ಭಾರವನ್ನು ಅವುಗಳ ಮೇಲೆ ಇಳಿಸಿದೆವು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಇಡಬೇಡಿ. ಮೊದಲು ಬಿಚ್ಚಿದ್ದು ಬ್ಯಾಟರಿಯ ಮೈನಸ್. ಸೆಲ್ಫಿಗೆ ಬರುವ ದಪ್ಪ ಕೇಬಲಿಗೆ ನಡುವೆ ಫ್ಯೂಸ್ ಇರುವುದಿಲ್ಲ, ಕೀ ತೆಗೆದಿದ್ದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ಆ ನಟ್ಟಿಗೆ ಹಾಕಿದ ಸ್ಪ್ಯಾನರಿನ ಇನ್ನೊಂದು ತುದಿ ಚಾಸಿಗೆ ತಗಲಿದರೆ ವೆಲ್ಡಿಂಗ್ ಆದ ಹಾಗೆ ಅಂಟಿಕೊಳ್ಳುತ್ತದೆ. ಕೈಯ ಉಂಗುರ, ವಾಚು ಬಿಚ್ಚಿಟ್ಟೆ, ಹುಡುಗನ ಕೈಯ ಸ್ಟೀಲ್ ಕಡಗವನ್ನೂ ಬಿಚ್ಚಿಸಿದೆ.

ಸೆಲ್ಫ್ ಕೂತಿರುವ ಜಾಗ ಹೀಗಿದೆ: ಮೇಲೆ ಸೈಲೆನ್ಸರ್ ಪೈಪು, ಕೆಳಗೆ ಚಾಸಿ, ಒಂದು ಪಕ್ಕಕ್ಕೆ ಎಂಜಿನ್ ಬ್ಲಾಕ್. ಮೇಲಿನಿಂದ ನೋಡಿದರೆ ಮೋಟರಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡಿನ ಬೆನ್ನು ಮಾತ್ರ ಕಾಣುತ್ತದೆ. ಕೆಳಗಿನಿಂದ ಮೋಟರಿನ ಹೊಟ್ಟೆ. ಬೋಲ್ಟುಗಳ ತಲೆ ಗೇರ್‌ಬಾಕ್ಸಿನ ಕಡೆಗೆ ಮುಖ ಮಾಡಿವೆ. ಎಂಜಿನ್ ಕಡೆಯಿಂದ ಸ್ಪ್ಯಾನರ್ ತೂರಿಸಲು ಒದ್ದಾಡಿದರೆ ಗೆಣ್ಣು ಸುಲಿಯುವುದು ಬಿಟ್ಟು ಬೇರೇನೂ ಆಗುವುದಿಲ್ಲ. ದಾರಿ ಇರುವುದು ಹಿಂದಿನಿಂದ. ಗೇರ್‌ಬಾಕ್ಸಿನ ಪಕ್ಕದಲ್ಲಿ ಮಲಗಿ, ಎರಡು ಅಡಿ ಉದ್ದದ ಎಕ್ಸ್‌ಟೆನ್ಷನ್ ರಾಡನ್ನು ಗೇರ್‌ಬಾಕ್ಸಿಗೆ ಸಮಾನಾಂತರವಾಗಿ ತೂರಿಸಿ, ತುದಿಗೆ ಬೇಕಾದ ಕಡೆ ಬಾಗುವ ಯುನಿವರ್ಸಲ್ ಜಾಯಿಂಟ್ ಮತ್ತು ಸಾಕೆಟ್ ಹಾಕಬೇಕು. ರ‍್ಯಾಚೆಟ್ ಆಗ ಹೊರಗೆ, ಕೈ ಬೀಸಲು ಜಾಗ ಇರುವ ಕಡೆ ಬರುತ್ತದೆ. ಒಬ್ಬರು ಸಾಕೆಟ್ಟನ್ನು ಬೋಲ್ಟಿನ ತಲೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು.

ಕೆಳಗಿನದು ಹೀಗೆ ಹತ್ತು ನಿಮಿಷದಲ್ಲಿ ಬಂತು. ಮೇಲಿನದರ ತಲೆಯನ್ನು ಯಾರೋ ಡಿ-ಸ್ಪ್ಯಾನರಿನಲ್ಲಿ (ಬಾಯಿ ತೆರೆದ ಸ್ಪ್ಯಾನರು) ತಿರುಗಿಸಿ ಮೂಲೆಗಳನ್ನು ಸವೆಸಿಬಿಟ್ಟಿದ್ದರು. 17ರ ಸಾಕೆಟ್ ಸುಮ್ಮನೆ ಸುತ್ತುತ್ತಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅದನ್ನು ಅಲ್ಲಿಗೇ ಬಿಟ್ಟೆವು.

ಮೂರನೆಯದು ಬ್ಲಾಕಿನ ಕಡೆಗಿನದು. ಅದು ಕಣ್ಣಿಗೆ ಬೀಳುವುದೇ ಇಲ್ಲ. ಸಣ್ಣ ಕನ್ನಡಿ ಹಿಡಿದು ಟಾರ್ಚ್ ಬಿಟ್ಟೆ, ಮಣ್ಣು ಮತ್ತು ಎಣ್ಣೆ ಸೇರಿದ ಕರಿ ಹೆಂಟೆ ಮಾತ್ರ ಕಂಡಿತು. ನನ್ನ ಕೈ ಮಣಿಕಟ್ಟಿನ ತನಕ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಮುಕ್ಕಾಲು ಗಂಟೆ ಬೆರಳ ತುದಿಯಲ್ಲಿ ತಡಕಾಡಿದೆ. ಕೊನೆಗೆ ಹುಡುಗ, “ಮಾವ, ನನ್ನ ಕೈ ಸಣ್ಣ, ನಾನು ನೋಡ್ತೀನಿ ತಡಿ” ಎಂದು ಪಕ್ಕ ಬಂದು ಮಲಗಿದ. ಮೊಣಕೈ ತನಕ ತೂರಿಸಿ, ಕಣ್ಣು ಮುಚ್ಚಿಕೊಂಡು, ಉಗುರಿನಿಂದ ಹೆಂಟೆ ಕೆರೆಯುತ್ತಾ ಹೋದ. ಕೆರೆದ ಮಣ್ಣು ನಮ್ಮಿಬ್ಬರ ಮುಖದ ಮೇಲೆ ಉದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

“ಮಾವ, ಇಲ್ಲಿ ಬೋಲ್ಟೇ ಇಲ್ಲ. ಬರೀ ತೂತು.”

ಅವನ ಬೆರಳ ತುದಿ ಆ ತೂತಿನ ಬಾಯಿಗೆ ತಾಗಿ ನಿಂತಿತ್ತು. ಆರು ತಿಂಗಳಿಂದ ಕೇಳುತ್ತಿದ್ದ ಸದ್ದಿಗೆ ಉತ್ತರ ಅಲ್ಲಿತ್ತು. ಕೈಗೆ ಎಟುಕುವುದಿಲ್ಲ ಎಂದು ಗ್ಯಾರೇಜಿನವರು ಆ ಬೋಲ್ಟನ್ನು ಹಾಕದೇ ಬಿಟ್ಟಿದ್ದರು, ಮೋಟರು ತಿರುಚಿಕೊಂಡು ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತಿರಲಿಲ್ಲ. ನನಗೆ ಬಂದ ಸಿಟ್ಟು ದುಡ್ಡಿನದಲ್ಲ. ಈ ಜೀಪಿನಲ್ಲಿ ಆಳುಗಳು, ಮಕ್ಕಳು ಕೂತು ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಕಾಣದ ಕಡೆ ಒಂದು ಬೋಲ್ಟ್ ಬಿಟ್ಟವರು ಇನ್ನೆಲ್ಲಿ ಏನು ಬಿಟ್ಟಿದ್ದಾರೋ ಎಂಬ ಯೋಚನೆ. ಆ ರಾತ್ರಿಯೇ ಬ್ರೇಕ್ ಪೈಪು, ಗೇರ್‌ಬಾಕ್ಸ್ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಅವೆಲ್ಲ ಬಿಗಿಯಾಗಿದ್ದವು.

ಸವೆದ ತಲೆಯ ಬೋಲ್ಟು ಭಾನುವಾರದ ಕೆಲಸ. ರಾತ್ರಿಯಿಡೀ ಎಣ್ಣೆ ಕುಡಿದಿತ್ತು. ಹನ್ನೆರಡು ಮೂಲೆಯ ಸಾಕೆಟ್ ಬಿಟ್ಟು ಆರು ಮೂಲೆಯ 16ರ ಸಾಕೆಟ್ ತಂದು, ಬೋಲ್ಟಿನ ತಲೆಗೆ ತಾಗಿಸಿ, ಉದ್ದ ರಾಡಿನ ಹಿಂದಿನ ತುದಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಇದಕ್ಕೆ ಯುನಿವರ್ಸಲ್ ಜಾಯಿಂಟ್ ಆಗುವುದಿಲ್ಲ, ಏಟು ನೇರ ಹೋಗಬೇಕು. ಅದೃಷ್ಟಕ್ಕೆ ಮೇಲಿನ ಬೋಲ್ಟಿಗೆ ರಾಡು ನೇರವಾಗಿ ಹೋಗುತ್ತಿತ್ತು. ಬಡಿದ ಏಟಿಗೇ ಅರ್ಧ ತುಕ್ಕು ಬಿಡುತ್ತದೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲ ಮಾಡುವ ಕಡೆಗೆ ಎಳೆದೆ. ಮೊದಲ ಸಲ ಏನೂ ಇಲ್ಲ. ಮೂರನೇ ಸಲ ‘ಟಣ್’ ಎಂದಿತು. ಆ ಸದ್ದು ಎರಡು ಥರ: ಬೋಲ್ಟು ಬಿಟ್ಟರೂ ಅದೇ, ಮುರಿದರೂ ಅದೇ. ಉಸಿರು ಹಿಡಿದು ಇನ್ನು ಕಾಲು ಸುತ್ತು ತಿರುಗಿಸಿದೆ. ಒಂದೇ ಸಮ ಬಿಗಿಯಲ್ಲಿ ಕಿರುಗುಡುತ್ತಾ ಬಂತು, ಬಿಟ್ಟಿತ್ತು. ಪೈಪಿನ ಪಕ್ಕದಲ್ಲೇ ಡೀಸೆಲ್ ಲೈನ್ ಇರುವುದರಿಂದ ಬೆಂಕಿ ಕೊಟ್ಟು ಬಿಡಿಸುವ ದಾರಿಗೆ ನಾನು ಹೋಗುವವನಿರಲಿಲ್ಲ.

ಹಳೇ ಕಾಲದ ಸೆಲ್ಫ್ ಹತ್ತು ಕೆಜಿಗೆ ಹತ್ತಿರ ತೂಗುತ್ತದೆ, ಎದೆಯ ಮೇಲೆ ಬಿದ್ದರೆ ಪಕ್ಕೆಲುಬು ಉಳಿಯುವುದಿಲ್ಲ. ಕೊನೆಯ ಬೋಲ್ಟ್ ತೆಗೆಯುವ ಮುಂಚೆ ಮೋಟರಿನ ಮೈಗೆ ಹಗ್ಗ ಸುತ್ತಿ ಬಾನೆಟ್ ಕಡೆಯಿಂದ ಹುಡುಗನಿಗೆ ಹಿಡಿಸಿದ್ದೆ. ಮೋಟರಿನ ಹಲ್ಲಿರುವ ಮೂತಿಯನ್ನು ಮುಂದಕ್ಕೆ ಎಳೆದು, ಕೆಳಕ್ಕೆ ಬಾಗಿಸಿ, ಸೊಲೆನಾಯ್ಡನ್ನು ಹೊರಮುಖ ಮಾಡಿ ತಿರುಗಿಸಿದಾಗ ಚಾಸಿಯ ಸಂದಿಯಲ್ಲಿ ಇಳಿಯಿತು. ಹಾಕುವಾಗ ಇದೇ ಹಾದಿ ತಲೆಕೆಳಗು, ಅದಕ್ಕೆ ಒಂದೊಂದು ತಿರುವನ್ನೂ ಹುಡುಗನ ಮೊಬೈಲಿನಲ್ಲಿ ಹಿಡಿದಿಟ್ಟೆವು.

ಮೇಜಿನ ಮೇಲೆ ಬಿಚ್ಚಿದ ಮೇಲಿನ ಕಥೆ ಬೇಗ ಹೇಳುತ್ತೇನೆ. ಮೂತಿಯ ಹೌಸಿಂಗಿನಲ್ಲಿ ಕೂದಲಿನಂಥ ಬಿರುಕು. ಮೋಟರಿನ ದಂಡ ಕೂರುವ ಮುಂದಿನ ಬುಷ್ ಮೊಟ್ಟೆಯಾಕಾರಕ್ಕೆ ಸವೆದು, ತಿರುಗುವ ಭಾಗವಾದ ಆರ್ಮೇಚರು ಒಳಗಿನ ಗೋಡೆಗೆ ಉಜ್ಜಿದ ಗುರುತು. ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಮೋಟಾಗಿದ್ದವು. ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟುಗಳು ಒಂದು ಕಡೆ ಸುಟ್ಟು ಗುಳಿ ಬಿದ್ದಿದ್ದವು, ‘ಟಕ್’ ಎಂಬುದರ ಮೂಲ ಅದೇ. ಅವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸುಡದ ಮುಖ ಎದುರಿಗೆ ಬರುತ್ತದೆ. ಮೂಡಿಗೆರೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಹಳೇ ಸಾಮಾನಿನಲ್ಲಿ ಹುಡುಕಿ ಹೌಸಿಂಗ್ ಕೊಟ್ಟರು, ಹೊಸ ಬ್ರಷ್ ಹಾಕಿದರು. ಕಂಚಿನ ಬುಷ್ಷನ್ನು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಹಾಕಿ ಆಮೇಲೆ ಕೂರಿಸಬೇಕು ಎಂದು ಹೇಳಿಕೊಟ್ಟವರೂ ಅವರೇ. ಆ ಬುಷ್ ಎಣ್ಣೆ ಹೀರಿ ಇಟ್ಟುಕೊಳ್ಳುತ್ತದೆ.

ಸೆಲ್ಫ್ ಹೊರಗಿದ್ದಾಗ ಮಾತ್ರ ಸಿಗುವ ಒಂದು ಅವಕಾಶ ಇದೆ. ಅದು ಕೂರುವ ದೊಡ್ಡ ತೂತಿನಿಂದ ಫ್ಲೈವೀಲಿನ ಹಲ್ಲು ನೋಡಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಯಾವುದೋ ಒಂದು ಸಿಲಿಂಡರಿನ ಒತ್ತಡಕ್ಕೆ ತಡೆದು ನಿಲ್ಲುತ್ತದೆ, ಹಾಗಾಗಿ ಹೆಚ್ಚು ಕಡಿಮೆ ಎದುರುಬದುರಿನ ಎರಡೇ ಜಾಗದಲ್ಲಿ. ಸೆಲ್ಫಿನ ಹಲ್ಲು ಪ್ರತಿ ಸಲವೂ ಕಚ್ಚುವುದು ಅಲ್ಲೇ. ಹುಡುಗ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದ, ನಾನು ಟಾರ್ಚ್ ಬಿಟ್ಟು ಒಂದೊಂದು ಹಲ್ಲಿಗೂ ಸೀಮೆಸುಣ್ಣ ಮುಟ್ಟಿಸುತ್ತಾ ಹೋದೆ. ಎರಡು ಕಡೆ ಏಳೆಂಟು ಹಲ್ಲುಗಳ ಅಂಚು ಮೊಂಡಾಗಿತ್ತು, ಮುರಿದಿರಲಿಲ್ಲ. ಇನ್ನೊಂದು ಮಳೆಗಾಲ ಹೀಗೇ ಓಡಿಸಿದ್ದರೆ ಫ್ಲೈವೀಲಿನ ಹಲ್ಲಿನ ರಿಂಗ್ ಬದಲಿಸಬೇಕಾಗುತ್ತಿತ್ತು, ಅದಕ್ಕೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು.

ಮತ್ತೆ ಹಾಕುವಾಗ ಮೂರನೇ ಬೋಲ್ಟಿಗೆ ಒಂದು ಉಪಾಯ ಮಾಡಿಕೊಂಡೆ. ಒಂದು ಉದ್ದ ಬೋಲ್ಟಿನ ತಲೆ ಕತ್ತರಿಸಿ, ತುದಿಗೆ ಸ್ಕ್ರೂಡ್ರೈವರ್ ಕೂರುವ ಗೆರೆ ಕೊಯ್ದು, ಮೇಲಿನ ತೂತಿಗೆ ಗೂಟದ ಹಾಗೆ ತಿರುಗಿಸಿದೆ. ಸೆಲ್ಫ್ ಅದರ ಮೇಲೆ ನೇತುಬಿತ್ತು, ಎರಡೂ ಕೈ ಬಿಡುವಾಯಿತು. ಮೂರನೇ ತೂತಿನ ಮರೆಯನ್ನು (ಬೋಲ್ಟು ಕಚ್ಚುವ ಸುರುಳಿ ಗೀರು) ಮೊದಲು ಟ್ಯಾಪ್ ಎಂಬ ಗೀರು ಕೊಯ್ಯುವ ಸಾಧನ ಹಾಕಿ ಶುಚಿ ಮಾಡಿದ್ದೆ. ಉಳಿದೆರಡರ ಅಳತೆಯದೇ 8.8 (ಗಟ್ಟಿತನದ ದರ್ಜೆ) ಎಂದು ತಲೆಯ ಮೇಲೆ ಬರೆದ ಹೊಸ ಬೋಲ್ಟು ತಂದು, ಸಾಕೆಟ್ಟಿನೊಳಗೆ ಗ್ರೀಸ್ ಮತ್ತು ಪೇಪರ್ ಚೂರು ಇಟ್ಟು ಬೋಲ್ಟನ್ನು ಅದರಲ್ಲೇ ಸಿಕ್ಕಿಸಿದೆ. ಹುಡುಗನ ಬೆರಳು ತುದಿಯನ್ನು ತೂತಿಗೆ ಒಯ್ದು ಕೂರಿಸಿತು. ಮೊದಲ ನಾಲ್ಕು ಸುತ್ತು ಬೆರಳಲ್ಲೇ, ರ‍್ಯಾಚೆಟ್ ಇಲ್ಲದೆ. ಮೂರೂ ಬೋಲ್ಟು ಹಿಡಿದ ಮೇಲೆಯೇ ಒಂದೊಂದಾಗಿ ಬಿಗಿ ಮಾಡಿದ್ದು. ಒಂದನ್ನು ಮೊದಲೇ ಬಿಗಿದರೆ ಉಳಿದವು ತೂತಿಗೆ ಕೂರುವುದಿಲ್ಲ.

ಎಲ್ಲ ಮುಗಿದ ದಿನ ಸಂಜೆ ಐದೂವರೆಗೆ ಕೀ ತಿರುಗಿಸಿದೆ. ಕರ‍್ರ್ ಇಲ್ಲ, ಟಕ್ ಇಲ್ಲ, ಎಂಜಿನ್ ಹಿಡಿದುಕೊಂಡಿತು. ಬೋಲ್ಟು ಸಡಿಲವಾದರೆ ಕಾಣಲಿ ಎಂದು ಹುಡುಗ ಮೂರೂ ಬೋಲ್ಟಿನ ತಲೆಯಿಂದ ಹೌಸಿಂಗ್ ತನಕ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿದ್ದ. ಮುಂದಿನ ವಾರ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿ ಬಂದ ಮೇಲೆ ಕನ್ನಡಿ ಹಿಡಿದು ನೋಡಿದೆ. ಮೂರು ಗೆರೆಯೂ ಎಳೆದ ಜಾಗದಲ್ಲೇ ಇದ್ದವು. ಏರಿನ ನೆತ್ತಿಯ ಎರಡು ಕಲ್ಲುಗಳನ್ನು ಈಗ ಕಣದಲ್ಲಿ ಟಾರ್ಪಾಲು ಹಾರದಂತೆ ಇಟ್ಟಿದ್ದೇವೆ.