ಜಪಾನಿನಲ್ಲಿ ಕೆಲಸದ ಊಟ: ಮೀನು, ಮಾಂಸ, ಮದ್ಯ ಬಿಟ್ಟವರ ತಯಾರಿ

ಜಪಾನಿಗೆ ಕೆಲಸದ ಮೇಲೆ ಹೋದರೆ ಅಲ್ಲಿನ ಕಂಪನಿಯವರು ಒಂದು ಸಂಜೆಯಾದರೂ ಊಟಕ್ಕೆ ಕರೆಯುತ್ತಾರೆ. ಆ ಊಟ ಚೆನ್ನಾಗಿ ಆಗುತ್ತದೋ ಕೆಡುತ್ತದೋ ಎನ್ನುವುದು ಹೊರಡುವ ಮುಂಚೆ ಕಳಿಸುವ ಒಂದು ಮೇಲ್‌ನಲ್ಲೇ ತೀರ್ಮಾನವಾಗುತ್ತದೆ. ಅಲ್ಲಿ ಆತಿಥ್ಯವೆಂದರೆ ಅತಿಥಿ ಬಾಯಿಬಿಟ್ಟು ಕೇಳುವ ಮೊದಲೇ ಎಲ್ಲ ಸಿದ್ಧವಾಗಿರುವುದು. ಕೋರ್ಸ್ ಊಟವಾದರೆ ಸಾಮಾನು ಎಣಿಸಿ ತರಿಸಿರುತ್ತಾರೆ, ಅಡುಗೆಯ ಬುಡವಾದ ದಾಶಿ, ಅಂದರೆ ಸಾಮಾನ್ಯವಾಗಿ ಮೀನು ಹಾಕಿದ ರಸ, ಆಗಲೇ ಕಾದು ಸೋಸಿರುತ್ತದೆ. ಕೂತ ಮೇಲೆ "ನಾನು ಮೀನು ತಿನ್ನುವುದಿಲ್ಲ" ಎಂದರೆ ಅಡುಗೆಯವರ ಕೈಯಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಕರೆದವರು ತಮ್ಮಿಂದಲೇ ತಪ್ಪಾಯಿತೆಂದು ಸಂಜೆಯೆಲ್ಲ ಸಂಕೋಚಪಡುತ್ತಾರೆ. ಮೊದಲೇ ಹೇಳಿದರೆ ಅದು ಅವರಿಗೆ ಸಹಾಯ. ದಾಕ್ಷಿಣ್ಯಕ್ಕೆ ಸುಮ್ಮನಿರುವುದೇ ಅಲ್ಲಿ ತೊಂದರೆ ಕೊಟ್ಟ ಹಾಗೆ.

ನಾನು ಹಾಲು, ಮೊಟ್ಟೆ ತಿನ್ನುತ್ತೇನೆ. ಮೀನು, ಮಾಂಸ, ಮದ್ಯ ಇಲ್ಲ. ಕೆಳಗಿನ ಕ್ರಮ ಆ ಲೆಕ್ಕದ್ದು.

ಮೊದಲ ಕೆಲಸ, "ವೆಜಿಟೇರಿಯನ್" ಎಂಬ ಒಂದೇ ಪದವನ್ನು ನಂಬದಿರುವುದು. ಪದ ಅವರಿಗೆ ಗೊತ್ತು, ಆದರೆ ಎಲ್ಲರಿಗೂ ಅರ್ಥ ಒಂದೇ ಅಲ್ಲ. "ನಿಕು" ಎಂದರೆ ಮಾಂಸ. ಅದರಲ್ಲಿ ಮೀನು ಸೇರುವುದಿಲ್ಲ. ಸಾಲಡ್ ಮೇಲಿನ ಬೇಕನ್ ಚೂರು, ಆಲೂಗಡ್ಡೆಯ ಜೊತೆಗಿನ ಹ್ಯಾಮ್ ಕೂಡ "ನಿಕು ಬೇಡ" ಎಂದವರ ತಟ್ಟೆಗೆ ಬಂದುಬಿಡುತ್ತವೆ. ಯಾರೂ ಬೇಕೆಂದು ಮಾಡುವುದಲ್ಲ, ಅವರ ಮನಸ್ಸಿನಲ್ಲಿ ಅದು ಬರೀ ಒಗ್ಗರಣೆಯಷ್ಟೇ.

ನಿಜವಾದ ಕಷ್ಟ ದಾಶಿಯದು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಹೇಗೋ ಅಲ್ಲಿನ ಅಡುಗೆಗೆ ದಾಶಿ ಹಾಗೆ. ಸಾಮಾನ್ಯ ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಎಂಬ ಒಣ ಕಡಲಪಾಚಿ. ಅದನ್ನು ನೆನೆಸಿ, ನಿಧಾನವಾಗಿ ಕಾಸಿ, ಕುದಿ ಬರುವ ಮುಂಚೆ ಹೊರಗೆ ತೆಗೆಯುತ್ತಾರೆ. ಆಮೇಲೆ 20ರಿಂದ 30 ಗ್ರಾಂ ಕತ್ಸುಓಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿ ಹೆರೆದ ಮೀನಿನ ತೆಳು ಎಸಳು, ಹಾಕಿ ಒಂದೆರಡು ನಿಮಿಷದಲ್ಲಿ ಸೋಸುತ್ತಾರೆ. ಕೊನೆಗೆ ಉಳಿಯುವುದು ತಿಳಿ ಹೊಂಬಣ್ಣದ ನೀರು. ಅದರಲ್ಲಿ ಮೀನಿನ ಚೂರು ಕಾಣುವುದಿಲ್ಲ, ಆಮೇಲೆ ತೆಗೆಯಲೂ ಆಗುವುದಿಲ್ಲ. ಮಿಸೋ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸೂಪು, ನೂಡಲ್ಸ್‌ಗಳಾದ ಸೋಬಾ ಮತ್ತು ಉದೊನ್‌ನ ರಸ, ತೆಂಪುರಾ ಎಂಬ ಬಜ್ಜಿಯನ್ನು ಅದ್ದುವ ಸಾಸ್, ಸುರುಳಿ ಆಮ್ಲೆಟ್, ಚಾವಾನ್‌ಮುಶಿ ಎಂಬ ಹಬೆಯ ಮೊಟ್ಟೆ, ಬೇಯಿಸಿದ ಕುಂಬಳಕಾಯಿ, ಬೇಯಿಸಿ ರಸದಲ್ಲಿ ನೆನೆಸಿದ ಪಾಲಕಿನ ಒಹಿತಾಶಿ, ಅನ್ನ ತುಂಬಿದ ಇನಾರಿ ಸುಶಿಯ ತೋಫು ಹೊರಚೀಲ, ಓಕೊನೊಮಿಯಾಕಿ ಎಂಬ ದಪ್ಪ ದೋಸೆಯಂಥದ್ದರ ಹಿಟ್ಟು, ಎಲ್ಲದರಲ್ಲೂ ಸಾಮಾನ್ಯವಾಗಿ ದಾಶಿ ಇರುತ್ತದೆ. ನಾತ್ತೋ ಎಂಬ ಹುದುಗಿಸಿದ ಸೋಯಾಕಾಳಿನ ಡಬ್ಬಿಯೊಳಗಿನ ಪುಟ್ಟ ಸಾಸ್ ಪೊಟ್ಟಣವನ್ನೂ ಬಿಡುವ ಹಾಗಿಲ್ಲ.

ಆಗೆದಾಶಿ ತೋಫು ಬಂದಾಗ ಹತ್ತಿರದಿಂದ ನೋಡಿ. ಕರಿದ ತೋಫುವಿನ ಮೇಲೆ ಕಾಗದಕ್ಕಿಂತ ತೆಳ್ಳಗಿನ ಕಂದು-ಗುಲಾಬಿ ಎಸಳುಗಳು ಬಿಸಿ ಹಬೆಗೆ ಬಳುಕುತ್ತ, ಮುದುರುತ್ತ, ಜೀವ ಇದ್ದ ಹಾಗೆ ಅಲುಗುತ್ತವೆ. ಅದೇ ಕತ್ಸುಓಬುಶಿ. ಮೇಲಿನದನ್ನು ಚಾಪ್‌ಸ್ಟಿಕ್‌ನಿಂದ ಸರಿಸಿದರೆ ಕೆಲಸ ಮುಗಿಯಲಿಲ್ಲ. ಬಟ್ಟಲಿನ ತಳದ ರಸವೂ ಅದರಿಂದಲೇ ಆದದ್ದು. ತಣ್ಣನೆಯ ಹಿಯಾಯಾಕ್ಕೋ ತೋಫು ಹಾಗಲ್ಲ. ಅದಕ್ಕೆ ಮೇಲಿನಿಂದ ಉದುರಿಸುತ್ತಾರಷ್ಟೇ, ಆದ್ದರಿಂದ "ಕತ್ಸುಓಬುಶಿ ನುಕಿ ದೆ ಒನೆಗಾಯ್ ಶಿಮಾಸ್", ಕತ್ಸುಓಬುಶಿ ಬಿಟ್ಟು ಕೊಡಿ, ಎಂದರೆ ಸಾಕು. ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್ ಜೊತೆ ಬರುತ್ತದೆ.

ಇಲ್ಲಿ ಪ್ರತಿಯೊಬ್ಬರೂ ಮನೆಯಲ್ಲೇ ಒಂದು ನಿರ್ಧಾರ ಮಾಡಿಕೊಳ್ಳಬೇಕು: ಮೀನಿನ ತುಂಡು ಬೇಡ, ದಾಶಿ ನಡೆಯುತ್ತದೆಯೋ, ಅಥವಾ ದಾಶಿಯೂ ಬೇಡವೋ. ಎರಡರಲ್ಲಿ ಯಾವುದಾದರೂ ಸರಿಯೇ, ಆದರೆ ಊಟದ ಮಧ್ಯೆ ಬದಲಾಗಬಾರದು. ದಾಶಿ ನಡೆಯುತ್ತದೆ ಎಂದರೆ ಹೆಚ್ಚುಕಡಿಮೆ ಯಾವ ಹೋಟೆಲಿಗಾದರೂ ಹೋಗಬಹುದು. ಬೇಡ ಎಂದರೆ ಆಯ್ಕೆ ತುಂಬಾ ಚಿಕ್ಕದಾಗುತ್ತದೆ, ಅದನ್ನು ಕರೆದವರಿಗೆ ಸ್ಪಷ್ಟವಾಗಿ ತಿಳಿಸುವ ಹೊಣೆ ನಮ್ಮದೇ.

ನಾನು ಕಳಿಸುವ ಮೇಲ್‌ನಲ್ಲಿ ಎರಡು ಪಟ್ಟಿ ಇರುತ್ತದೆ. ಊಟಕ್ಕೆ ಒಂದು ವಾರ ಮೊದಲು, ಇಂಗ್ಲಿಷ್ ಮತ್ತು ಜಪಾನಿ ಎರಡರಲ್ಲೂ ಕಳಿಸುತ್ತೇನೆ. ತಿನ್ನದವು: ದನ, ಹಂದಿ, ಕೋಳಿ, ಹ್ಯಾಮ್, ಬೇಕನ್, ಮೀನು, ಸಿಗಡಿ, ಏಡಿ, ಚಿಪ್ಪಿನ ಜೀವಿಗಳು, ಕತ್ಸುಓಬುಶಿಯ ದಾಶಿ, ನಿಬೊಶಿ ಅಂದರೆ ಒಣ ಪುಟ್ಟ ಮೀನಿನ ದಾಶಿ, ಹಂದಿಕೊಬ್ಬು, ಜೆಲಟಿನ್. ತಿನ್ನುವವು: ಮೊಟ್ಟೆ, ಹಾಲು, ತೋಫು, ಕೊಂಬು, ಒಣ ಶಿಯಿತಾಕೆ ಅಣಬೆ, ಮಿಸೋ, ಸೋಯಾ ಸಾಸ್, ಗೋಧಿ, ಸೋಬಾ, ಎಲ್ಲ ತರಕಾರಿ. ಈ ಎರಡನೆಯ ಪಟ್ಟಿಯೇ ಅಡುಗೆಯವರಿಗೆ ಹೆಚ್ಚು ಉಪಯೋಗ. "ಕೊಂಬು ಮತ್ತು ಶಿಯಿತಾಕೆ ದಾಶಿ ಆಗುತ್ತದೆ" ಎಂಬ ಒಂದು ಸಾಲು ಓದಿದ ಕೂಡಲೇ ಏನು ಮಾಡಬೇಕೆಂದು ಅವರಿಗೆ ಹೊಳೆಯುತ್ತದೆ. ಕಾರಣವೂ ಇದೆ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದರು. ಕತ್ಸುಓಬುಶಿಯ ಇನೊಸಿನೇಟ್ ಅದರ ಜೊತೆ ಸೇರಿದಾಗ ಆ ರುಚಿ ಎಷ್ಟೋ ಪಟ್ಟು ಏರುತ್ತದೆ. ಒಣ ಶಿಯಿತಾಕೆಯಲ್ಲಿನ ಗ್ವಾನಿಲೇಟ್ ಕೂಡ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಮೀನು ಬಿಟ್ಟ ಮಾತ್ರಕ್ಕೆ ಅಡುಗೆ ಸಪ್ಪೆಯಾಗಬೇಕಿಲ್ಲ.

ಮದ್ಯದ ಬಗ್ಗೆ ಒಂದು ಮಾತು. ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಮತ್ತು ಅಡುಗೆಯ ಸಾಕೆ, ಅದೂ ಅಕ್ಕಿಯ ಮದ್ಯವೇ, ಬಹಳ ಪದಾರ್ಥಗಳಿಗೆ ಬೀಳುತ್ತವೆ. ಮಿರಿನ್‌ನಲ್ಲಿ ಸುಮಾರು 14% ಆಲ್ಕೊಹಾಲ್ ಇರುತ್ತದೆ. ಬೇಯುವಾಗ ಬಹುಪಾಲು ಹೋಗುತ್ತದೆ, ಎಲ್ಲವೂ ಅಲ್ಲ. ಅದೂ ಬೇಡವೆನ್ನುವವರು ಮೊದಲ ಪಟ್ಟಿಗೆ ಸೇರಿಸಲೇಬೇಕು.

"ಏನು ಇಷ್ಟ?" ಎಂದು ಉತ್ತರ ಬಂದರೆ "ಏನಾದರೂ ಸರಿ" ಅನ್ನಬೇಡಿ. ಅದು ಅವರ ತಲೆಗೆ ಭಾರ ಹೊರಿಸುವ ಉತ್ತರ. ನಾನು ಎರಡು ಹೆಸರು ಕೊಡುತ್ತೇನೆ: ತೋಫು ಊಟದ ಜಾಗ, ಇಲ್ಲವೇ ಇಜಕಾಯಾ, ಅಂದರೆ ಮದ್ಯದ ಜೊತೆ ಸಣ್ಣ ಸಣ್ಣ ತಿನಿಸು ಕೊಡುವ ಹೋಟೆಲು. ಕ್ಯೋತೋದ ನಾನ್‌ಜೆನ್‌ಜಿ ದೇವಾಲಯದ ಸುತ್ತ ಯುದೋಫು ಹೆಸರುವಾಸಿ. ಮಣ್ಣಿನ ಪಾತ್ರೆಯ ತಳದಲ್ಲಿ ಕೊಂಬು, ಮೇಲೆ ಬಿಸಿನೀರಲ್ಲಿ ತೋಫು. ಪಾತ್ರೆಯೊಳಗೆ ಮೀನಿಲ್ಲ, ಅದ್ದುವ ಸಾಸ್‌ನಲ್ಲಿ ಇರುತ್ತದೆ. ಬದಲಿಗೆ ಬರೀ ಸೋಯಾ ಸಾಸ್ ಕೇಳಿ. ಇಜಕಾಯಾದಲ್ಲಿ ಎದಾಮಾಮೆ ಎಂಬ ಎಳೆ ಸೋಯಾಕಾಯಿ, ಉಪ್ಪು ಹಾಕಿ ಸುಟ್ಟ ಶಿಶಿತೋ ಮೆಣಸಿನಕಾಯಿ, ಸುಟ್ಟ ಶಿಯಿತಾಕೆ, ಬೆಣ್ಣೆ ಆಲೂಗಡ್ಡೆ, ತಣ್ಣನೆಯ ಟೊಮೆಟೊ ಸಿಗುತ್ತವೆ. ಸೌತೆಕಾಯಿಗೆ ಮಿಸೋ ಹಚ್ಚಿಕೊಂಡು ತಿನ್ನುವ ಮೊರೊಕ್ಯೂವನ್ನು ತಪ್ಪಿಸಬೇಡಿ, ಮಿಸೋಗೆ ದಾಶಿ ಬೆರೆಸಿಲ್ಲವೆಂದು ಕೇಳಿಕೊಂಡರಾಯಿತು. ತರಕಾರಿ ತೆಂಪುರಾವನ್ನು ಉಪ್ಪಿನಲ್ಲಿ ಅದ್ದಿ ತಿನ್ನಬಹುದು, ಆದರೆ ಸಿಗಡಿ ಕರಿದ ಎಣ್ಣೆಯೇ ಇದಕ್ಕೂ. ಆ ಎಣ್ಣೆ ಒಪ್ಪದವರು ಬಿಟ್ಟುಬಿಡುವುದೇ ಸರಿ.

ಇಜಕಾಯಾದಲ್ಲಿ ಕೂತ ಕೂಡಲೇ ಹೇಳದೆಯೇ ಒಂದು ಸಣ್ಣ ಬಟ್ಟಲು ಬರುತ್ತದೆ. ಅದು ಒತೋಶಿ, ಸಾಮಾನ್ಯವಾಗಿ ತಲೆಗೆ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ, ಅಂದರೆ ಕೂತ ಜಾಗದ ಬಾಡಿಗೆ ಇದ್ದ ಹಾಗೆ. ಅದರಲ್ಲಿ ಬಹಳ ಸಲ ಮೀನೋ ದಾಶಿಯೋ ಇರುತ್ತದೆ. ವಾದ ಮಾಡದೆ ಪಕ್ಕದವರಿಗೆ ಕೊಟ್ಟುಬಿಡಿ, ಅವರು ಸಂತೋಷದಿಂದ ತಿನ್ನುತ್ತಾರೆ.

ಕೂರುವ ಜಾಗ ಮುಖ್ಯ. ಬಾಗಿಲಿನಿಂದ ಅತಿ ದೂರದ್ದು ಕಮಿಜಾ, ಗೌರವದ ಜಾಗ; ಬಾಗಿಲ ಬಳಿಯದು ಶಿಮೊಜಾ, ಆರ್ಡರ್ ಮತ್ತು ಬಿಲ್ಲು ನೋಡಿಕೊಳ್ಳುವ ಕಿರಿಯರದ್ದು. ಅತಿಥಿಯನ್ನು ಒಳಗೆ ಕೂರಿಸುತ್ತಾರೆ. ತೋರಿಸುವವರೆಗೆ ನಿಂತಿರಿ, ತೋರಿಸಿದ ಮೇಲೆ ಒಮ್ಮೆ ಮಾತ್ರ "ಬೇಡ" ಎಂದು ಕೂತುಬಿಡಿ. ಎಲ್ಲರ ಲೋಟ ಬರುವ ತನಕ, "ಕಂಪಾಯ್", ಅಂದರೆ ಚಿಯರ್ಸ್, ಎನ್ನುವ ತನಕ ಕುಡಿಯುವ ಹಾಗಿಲ್ಲ. ಮದ್ಯ ಬೇಡವೆಂದರೆ ಊರೊಂಚಾ, ಅಂದರೆ ಊಲಾಂಗ್ ಟೀ, ತಣ್ಣಗೆ ಕೇಳಿ. ಎಲ್ಲ ಕಡೆ ಸಿಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವ ರೂಢಿ ಇಲ್ಲ. ಪಕ್ಕದ ಹಿರಿಯರ ಬಿಯರ್ ಲೋಟ ಕಾಲುಭಾಗಕ್ಕೆ ಇಳಿದಾಗ ಬಾಟಲಿಯ ಲೇಬಲ್ ಮೇಲೆ ಕಾಣುವ ಹಾಗೆ ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಕೆಳಗೆ ಆನಿಸಿ ಸುರಿಯಬೇಕು. ಕುಡಿಯದವರು ಸುರಿದರೂ ಅವರಿಗೆ ಅಷ್ಟೇ ಖುಷಿ. ಇನ್ನು ನಮ್ಮ ಲೋಟಕ್ಕೆ ಸುರಿಯುವುದು ನಿಲ್ಲಬೇಕೆಂದರೆ ಅದನ್ನು ತುಂಬಿಯೇ ಇಟ್ಟಿರುವುದು ಸುಲಭದ ದಾರಿ.

ಚಾಪ್‌ಸ್ಟಿಕ್ ವಿಷಯದಲ್ಲಿ ಎರಡು ತಪ್ಪನ್ನು ಮಾಡಲೇಬಾರದು. ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಸತ್ತವರ ಮುಂದಿಡುವ ಅನ್ನದ ರೀತಿ. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತುಂಡು ದಾಟಿಸುವುದು ದಹನದ ನಂತರ ಅಸ್ಥಿ ಎತ್ತುವ ವಿಧಿ. ಮಿಕ್ಕ ತಪ್ಪುಗಳನ್ನು ಕ್ಷಮಿಸುತ್ತಾರೆ.

ಹಸಿ ಪದಾರ್ಥ ತಿನ್ನುವ ಸಹೋದ್ಯೋಗಿಗಳಿಗೆ ಇದು: ಹಸಿ ಕೋಳಿಮಾಂಸ ಕೆಲವೆಡೆ ಸಿಗುತ್ತದೆ, ಕ್ಯಾಂಪಿಲೊಬ್ಯಾಕ್ಟರ್ ಸೋಂಕಿನ ಅಪಾಯವಿದೆ, ಒಪ್ಪಬೇಡಿ. ಹಸಿ ದನದ ಲಿವರ್ ಬಡಿಸುವುದನ್ನು ಸರ್ಕಾರವೇ 2012ರಲ್ಲಿ, ಹಸಿ ಹಂದಿಮಾಂಸವನ್ನು 2015ರಲ್ಲಿ ನಿಷೇಧಿಸಿದೆ. ಫ್ರೀಜ್ ಮಾಡದ ಬಂಗುಡೆ ಜಾತಿಯ ಮೀನಿನಲ್ಲಿ ಅನಿಸಾಕಿಸ್ ಹುಳು ಇರಬಹುದು. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋವು ಬಂದರೆ ಗ್ಯಾಸ್ ಎಂದು ಸುಮ್ಮನಿರದೆ ವೈದ್ಯರಿಗೆ ತಿಂದದ್ದನ್ನು ಹೇಳಿ.

ಬಿಲ್ಲನ್ನು ಬಹಳ ಕಡೆ ಬಾಗಿಲ ಬಳಿಯ ಕೌಂಟರ್‌ನಲ್ಲಿ ಕಟ್ಟುತ್ತಾರೆ. ಟಿಪ್ಸ್ ಇಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ಹಿಂದೆಯೇ ಓಡಿ ಬಂದು ಕೊಡುತ್ತಾರೆ. ಕರೆದವರೇ ಕೊಡುವುದು ವಾಡಿಕೆ. ಊಟಕ್ಕೆ ಮೊದಲು ಅವರು ನಮ್ಮ ಕಡೆಯ ಎಲ್ಲರ ಪೂರ್ತಿ ಹೆಸರು, ಕಂಪನಿ, ಸಂಖ್ಯೆ ಕೇಳಿದರೆ ಗಾಬರಿ ಬೇಡ. ಹೊರಗಿನವರ ಜೊತೆಗಿನ ಊಟ ತಲೆಗೆ 10,000 ಯೆನ್ ಒಳಗಿದ್ದರೆ ತೆರಿಗೆಯಲ್ಲಿ ಅದನ್ನು ಸತ್ಕಾರ ಖರ್ಚಿನಿಂದ ಹೊರಗಿಡಬಹುದು, ಅದಕ್ಕೆ ಬಂದವರ ಹೆಸರಿನ ದಾಖಲೆ ಬೇಕು. 2024ರ ಏಪ್ರಿಲ್‌ಗೆ ಮುಂಚೆ ಆ ಮಿತಿ 5,000 ಇತ್ತು. ಆದ್ದರಿಂದ ಹೆಸರು ಕೊಟ್ಟ ಮೇಲೆ ಕೊನೇ ಗಳಿಗೆಯಲ್ಲಿ ಇಬ್ಬರನ್ನು ಸೇರಿಸುವುದು, ಇಬ್ಬರನ್ನು ಬಿಡುವುದು ಒಳ್ಳೆಯದಲ್ಲ. ಕೋರ್ಸ್ ಊಟವಾದರೆ ಬಾರದವರ ಪಾಲಿಗೂ ದುಡ್ಡು ಹಿಡಿಯಬಹುದು.

ಹೊರಡುವಾಗ "ಗೊಚಿಸೋಸಮಾ ದೆಶ್ತಾ", ಊಟಕ್ಕೆ ಧನ್ಯವಾದ, ಎನ್ನುತ್ತೇವಲ್ಲ, ಅದನ್ನು ಮಾರನೆಯ ದಿನ ಮೊದಲ ಭೇಟಿಯಲ್ಲೇ ಮತ್ತೆ ಹೇಳಬೇಕು: "ಕಿನೋ ವಾ ಗೊಚಿಸೋಸಮಾ ದೆಶ್ತಾ", ನಿನ್ನೆಯ ಊಟಕ್ಕೆ ಧನ್ಯವಾದ ಎಂಬ ಭಾವ. ಮೀಟಿಂಗ್ ಶುರುವಾಗುವ ಮುಂಚೆಯೇ ಹೇಳಿ. ಭೇಟಿ ಇಲ್ಲದಿದ್ದರೆ ಬೆಳಿಗ್ಗೆಯೇ ಎರಡು ಸಾಲಿನ ಮೇಲ್, ಅದರಲ್ಲಿ ತಿಂದ ಒಂದು ಪದಾರ್ಥದ ಹೆಸರು.

ಒಬ್ಬರೇ ಇರುವ ಹೊತ್ತಿಗೆ ಅಂಗಡಿಯ ಒನಿಗಿರಿ ಅನ್ನದುಂಡೆ ಆಸರೆ. ಉಪ್ಪಿನದು, ಉಮೆಬೊಶಿ ಎಂಬ ಉಪ್ಪಿನಲ್ಲಿ ಹಾಕಿದ ಹುಳಿ ಉಮೆ ಹಣ್ಣಿನದು ಸುರಕ್ಷಿತ ಎಂದು ಹೇಳುವುದುಂಟು, ಆದರೆ ಉಮೆಯಲ್ಲೂ ಕತ್ಸುಓ ಸಾರ ಹಾಕಿರುವ ತಯಾರಿಕೆಗಳಿವೆ. ಪೊಟ್ಟಣದ ಅಲರ್ಜಿ ಪಟ್ಟಿಯನ್ನು ಇದಕ್ಕೆ ನಂಬಬೇಡಿ. ಮೊಟ್ಟೆ, ಹಾಲು, ಗೋಧಿ, ಸೋಬಾ, ಕಡಲೆಕಾಯಿ, ಸಿಗಡಿ, ಏಡಿ, ಅಕ್ರೋಟು ಮುಂತಾದವು ಕಡ್ಡಾಯ. ಕತ್ಸುಓ ಅದರಲ್ಲಿ ಇಲ್ಲ. ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಮೊಬೈಲಿನ ಅನುವಾದ ಎಡವುತ್ತದೆ, ಹಾಗಾಗಿ ಕತ್ಸುಓ, ಮೀನಿನ ಸಾರ, ಹಂದಿ, ಕೋಳಿ, ಜೆಲಟಿನ್ ಪದಗಳ ಜಪಾನಿ ಅಕ್ಷರಗಳ ಚಿತ್ರ ಇಟ್ಟುಕೊಂಡು ತಾಳೆ ನೋಡುತ್ತೇನೆ. ಅಂಗಡಿಯ ಕರ್ರಿ ರೂ, ಅಂದರೆ ಕರ್ರಿಗೆ ಕರಗಿಸುವ ಮಸಾಲೆಯ ಅಚ್ಚುಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಸಾಮಾನ್ಯ, ತರಕಾರಿ ಕರ್ರಿ ಎಂಬ ಹೆಸರಿಗೆ ಮೋಸಹೋಗಬೇಡಿ.

ಒಸಾಕಾ ಕಡೆ ಕೆಲಸವಿದ್ದು ಒಂದು ರಾತ್ರಿ ಬಿಡುವಿದ್ದರೆ ಕೋಯಾಸಾನ್‌ಗೆ ಹೋಗಿ. ಕೂಕಾಯ್ 816ರಲ್ಲಿ ಸ್ಥಾಪಿಸಿದ ಬೌದ್ಧ ಬೆಟ್ಟ ಅದು. ನಾಂಬಾ ನಿಲ್ದಾಣದಿಂದ ನಾಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿ, ಅಲ್ಲಿಂದ ಕೇಬಲ್ ಕಾರು. 50ಕ್ಕೂ ಹೆಚ್ಚು ದೇವಾಲಯಗಳಲ್ಲಿ ಶುಕುಬೊ, ಅಂದರೆ ತಂಗುವ ವ್ಯವಸ್ಥೆ ಇದೆ. ಊಟ ಶೋಜಿನ್ ರ್ಯೋರಿ: ಮೀನು, ಮಾಂಸ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯ ಜಾತಿಯೂ ಇಲ್ಲ. ರಾತ್ರಿಯೂಟ ಸಂಜೆ ಆರರ ಸುಮಾರಿಗೇ ಶುರುವಾಗುವ ಮನೆಗಳವು, ಆದ್ದರಿಂದ ಐದರೊಳಗೆ ತಲುಪುವ ರೈಲು ಹಿಡಿಯಿರಿ. ತಡವಾದರೆ ಊಟ ಕಾಯುವುದಿಲ್ಲ. ಕೆಂಪು ಅಥವಾ ಕಪ್ಪು ಅರಗಿನ ಪುಟ್ಟ ಕಾಲ್ಮಣೆಯ ಮೇಲೆ ಬರುವ ಬಟ್ಟಲುಗಳಲ್ಲಿ ಒಂದು ಗೋಮಾದೋಫು. ಹೆಸರಲ್ಲಿ ತೋಫು ಇದ್ದರೂ ಸೋಯಾ ಇಲ್ಲ. ಅರೆದ ಎಳ್ಳನ್ನು ಕುಜು ಗೆಡ್ಡೆಯ ಹಿಟ್ಟಿನಲ್ಲಿ ಬಿಡದೆ ಮಗುಚಿ ಗಟ್ಟಿಮಾಡಿದ್ದು. ಮೇಲೆ ಹೆಸರಿಗೆ ಒಂದಿಷ್ಟು ವಾಸಾಬಿ, ತಳದಲ್ಲಿ ಸ್ವಲ್ಪ ಸೋಯಾ ಸಾಸ್. ಚಾಪ್‌ಸ್ಟಿಕ್‌ನಿಂದ ಅಂಚನ್ನು ನಿಧಾನವಾಗಿ ಕತ್ತರಿಸಿ ಎತ್ತಬೇಕು, ಎಳೆದರೆ ಹಿಗ್ಗಿ ಜಾರುತ್ತದೆ.