ದುಬೈಗೆ ಹೊಸದಾಗಿ ಬಂದವರಿಗೆ: ಶಾಲೆ ನೋಡುವಾಗ ಆಟದ ಬಯಲನ್ನೂ ನೋಡಿ

ದುಬೈಯಲ್ಲಿ ನಮ್ಮಂಥವರ ಮಕ್ಕಳು ಓದುವುದು ಹೆಚ್ಚುಕಡಿಮೆ ಖಾಸಗಿ ಶಾಲೆಗಳಲ್ಲೇ. ಬಂದ ವಾರವೇ ಎಲ್ಲರೂ ಕೇಳುವುದು ಒಂದೇ, 'ಯಾವ ಶಾಲೆಗೆ ಔಟ್‌ಸ್ಟ್ಯಾಂಡಿಂಗ್ ರೇಟಿಂಗ್ ಇದೆ?' ಸರ್ಕಾರಿ ತಪಾಸಣೆಯಲ್ಲಿ ಶಾಲೆಗೆ ಸಿಗುವ ಅತಿ ಮೇಲಿನ ದರ್ಜೆ ಅದು. ನಾವೂ ಹಾಗೇ ಕೇಳಿ, ರೇಟಿಂಗ್ ಚೆನ್ನಾಗಿದ್ದ ಕಡೆಗೇ ಮಗಳನ್ನು ಸೇರಿಸಿದೆವು.

ಹಾಸನದಿಂದ ಬಂದ ಹುಡುಗಿ, ಹಿಂದಿ ಬರುತ್ತಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಅದು ಸರಿಹೋಯಿತು. ಆದರೆ ಆಟದ ಮಾತೆಲ್ಲ ಹಿಂದಿ. ಎರಡು ತಿಂಗಳು ಬ್ರೇಕಿನಲ್ಲಿ ವಾಟರ್ ಕೂಲರ್ ಹತ್ತಿರ ಒಬ್ಬಳೇ ನಿಂತಿರುತ್ತಿದ್ದಳು. ಸುಮ್ನೆ ನಿಂತರೆ ಯಾರಾದರೂ ನೋಡ್ತಾರೆ ಅಂತ, ಬಾಟಲಿ ಚೆಲ್ಲಿ ಮತ್ತೆ ತುಂಬಿಸಿಕೊಳ್ಳುತ್ತಿದ್ದಳಂತೆ. ಕ್ಲಾಸ್ ಟೀಚರಿಗೆ ಗೊತ್ತೇ ಇರಲಿಲ್ಲ. ಏಪ್ರಿಲ್‌ನಲ್ಲಿ ಹೊಸ ಶಾಲಾ ವರ್ಷ ಶುರುವಾದಾಗ ಶಾಲೆ ಬದಲಾಯಿಸಿದೆವು.

ದುಬೈಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ. ಅದರ ವೆಬ್‌ಸೈಟಿನಲ್ಲಿ ಶಾಲೆಗಳ ತಪಾಸಣೆ ವರದಿ ಸಿಗುತ್ತದೆ. ಮೊದಲ ಪುಟಕ್ಕೇ ನಿಲ್ಲಿಸಬೇಡಿ. ಮಕ್ಕಳ ನಡತೆ, ಒಡನಾಟದ ಬಗ್ಗೆ ಒಂದು ಭಾಗ ಇದೆ, ರಕ್ಷಣೆ ಮತ್ತು ಆರೈಕೆ ಬಗ್ಗೆ ಇನ್ನೊಂದು. ವಿಶೇಷ ಅಗತ್ಯವಿರುವ ಮಕ್ಕಳನ್ನು ಇಲ್ಲಿ 'ಸ್ಟೂಡೆಂಟ್ಸ್ ಆಫ್ ಡಿಟರ್ಮಿನೇಶನ್' ಅನ್ನುತ್ತಾರೆ. ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ತಪ್ಪದೆ ಓದಿ, ನಿಮ್ಮ ಮಗುವಿಗೆ ಆ ಅಗತ್ಯ ಇಲ್ಲದಿದ್ದರೂ. ಅವರಿಗೆ ಜಾಗ ಕೊಟ್ಟ ಶಾಲೆ ಹೊಸ ಮಗುವಿಗೂ ಕೊಡುತ್ತದೆ ಅನ್ನುವುದು ನನ್ನ ಅನುಭವ. ವರದಿಯ ವರ್ಷವನ್ನೂ ನೋಡಿ. ಹಳೆಯದಾಗಿದ್ದರೆ ಅಷ್ಟರಲ್ಲಿ ಪ್ರಿನ್ಸಿಪಾಲರೇ ಬದಲಾಗಿರಬಹುದು.

ಆಮೇಲೆ ಶಾಲೆಗೆ ಹೋಗಿ. ಶುಕ್ರವಾರ ಬೇಡ, ಅವತ್ತು ಮಧ್ಯಾಹ್ನದ ಒಳಗೇ ಬಿಡುತ್ತಾರೆ. ಬ್ರೇಕ್ ಹೊತ್ತಿಗೆ ನೋಡಬಹುದಾ ಅಂತ ಕೇಳಿ. ಟೀಚರುಗಳು ಮಕ್ಕಳ ನಡುವೆ ಓಡಾಡುತ್ತಿದ್ದಾರಾ, ಗೋಡೆ ಪಕ್ಕ ಮೊಬೈಲ್ ನೋಡುತ್ತಿದ್ದಾರಾ? ಬಸ್ಸಿನ ವಿಷಯ ಮರೆಯಬೇಡಿ. ಕೀಟಲೆ ಜಾಸ್ತಿ ನಡೆಯುವುದು ಅಲ್ಲೇ, ಟೀಚರ್ ಇಲ್ಲದ ಕಡೆ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಂಟಿ ಅವರನ್ನು ಹೆಸರು ಹಿಡಿದು ಕರೆದರೆ ನನಗಂತೂ ಅರ್ಧ ನೆಮ್ಮದಿ.

ಫೀಸು, ಸಮವಸ್ತ್ರದ ಮಾತನ್ನು ಶಾಲೆಯವರೇ ಹೇಳುತ್ತಾರೆ. ನೀವು ಕೇಳಬೇಕಾದ್ದು ಬೇರೆ: 'ಹೊಸ ಮಗು ಮೊದಲ ದಿನ ಊಟಕ್ಕೆ ಯಾರ ಪಕ್ಕ ಕೂರುತ್ತೆ?' ಎರಡನೇ ಶಾಲೆಯಲ್ಲಿ ನಾನು ಇದನ್ನು ಕೇಳಿದಾಗ ಸೂಪರ್‌ವೈಸರ್ ಮೇಡಂ ಉತ್ತರ ಹೇಳಲಿಲ್ಲ. ಎದ್ದು ಹೋಗಿ ಮಂಗಳೂರಿನ ಒಬ್ಬ ಹುಡುಗಿಯನ್ನು ಕರೆತಂದು, 'ಇವಳ ಪಕ್ಕ' ಅಂದರು.