ಅನುಮಾನ ಇದ್ದರೆ ಕುಮ್ಸಾರಿಗೆ ತರಬೇಡ

ಕಾರ್ಕಳದ ಹತ್ತಿರದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹೋದಾಗ ಒಂದೇ ಬೆಳಿಗ್ಗೆ ಮೂರು ಸಾಲಿನಲ್ಲಿ ನಿಂತಿದ್ದೆ. ಮೂರೂ ಕುಮ್ಸಾರಿನ ಸಾಲುಗಳೇ. ನಾವು ಕೊಂಕಣಿ ಮನೆಮಾತಿನವರು ಹಾಗೆ ಅನ್ನುತ್ತೇವೆ. ಕನ್ನಡ ಪೂಜೆಯ ಪುಸ್ತಕದಲ್ಲಿ ಪಾಪನಿವೇದನೆ ಅಂತ ಇರುತ್ತದೆ.

ಮೊದಲ ಗುರುಗಳ ಹತ್ತಿರ ಪಾಪ ಹೇಳಿದೆ. ಅವರು ಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತದ ಪ್ರಾರ್ಥನೆ ಮುಗಿಸಿ ಮೆಟ್ಟಿಲು ಇಳಿಯುವಷ್ಟರಲ್ಲಿ ಎದೆಯಲ್ಲಿ ಹುಳ ಕೊರೆಯಿತು. ಎರಡು ಸಲ ಅಂದೆನಾ, ಮೂರು ಸಲ ಅಂದೆನಾ? ಮತ್ತೊಬ್ಬ ಗುರುಗಳ ಸಾಲಿಗೆ ಹೋದೆ. ಅಲ್ಲಿಂದ ಎದ್ದ ಮೇಲೆ ಹೊಸ ಅನುಮಾನ. ಈಗಷ್ಟೇ ಒಬ್ಬರ ಹತ್ತಿರ ಹೋಗಿ ಬಂದದ್ದನ್ನು ಇವರಿಗೆ ಹೇಳಲಿಲ್ಲವಲ್ಲ, ಮುಚ್ಚಿಟ್ಟ ಹಾಗೆ ಆಯಿತಲ್ಲ? ಮೂರನೇ ಸಾಲು. ಹೆಂಡತಿ, ಮಕ್ಕಳು ಬಿಸಿಲಿನಲ್ಲಿ ಸಂತೆ ಅಂಗಡಿಗಳ ಹತ್ತಿರ ಎರಡು ಗಂಟೆ ಕಾದಿದ್ದರು. ನನ್ನ ಮುಖ ನೋಡಿ ಹೆಂಡತಿ ಏನೂ ಕೇಳಲಿಲ್ಲ.

ಆಗ ನಾನು ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಹಾಜರಿ ಹಾಕುವುದು, ಬಟವಾಡೆ ಲೆಕ್ಕ ಮಾಡುವುದು ನನ್ನ ಕೆಲಸ. ಲೆಕ್ಕ ತಪ್ಪಬಾರದು ಅನ್ನುವುದು ಮೈಗೆ ಹತ್ತಿತ್ತು. ಅದೇ ಲೆಕ್ಕ ದೇವರ ಜೊತೆಗೂ ಶುರುವಾಯಿತು.

ಉಪವಾಸದ ವಿಷಯವನ್ನೇ ನೋಡಿ. ನನ್ನ ಅಜ್ಜಿ ಚಿಕ್ಕವಳಿದ್ದಾಗ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿ, ತೆಗೆದುಕೊಳ್ಳುವವರು ನಡುರಾತ್ರಿಯಿಂದ ನೀರೂ ಕುಡಿಯುವಂತಿರಲಿಲ್ಲ. 1964ರಲ್ಲಿ ಪೋಪ್ ಆರನೇ ಪೌಲ್ ಅದನ್ನು ಒಂದು ಗಂಟೆಗೆ ಇಳಿಸಿದರು. ನೀರು, ಔಷಧಿ ಬೇಕಾದಾಗ ಕುಡಿಯಬಹುದು. ಜನರಿಗೆ ಸುಲಭವಾಗಲಿ ಅಂತ ಮಾಡಿದ್ದು ಅದು, ಅಲ್ವಾ? ನನಗೆ ಅದೇ ಗಡಿಯಾರದ ಕಾಟವಾಯಿತು. ಏಳೂ ಐದಕ್ಕೆ ಕಾಫಿ ಕುಡಿದೆ. ಪರಮಪ್ರಸಾದ ಎಂಟೂ ಹತ್ತಕ್ಕೆ ಸಿಕ್ಕಿತು. ನನ್ನ ವಾಚು ಮುಂದಿದ್ದರೆ? ಹಲ್ಲಿನ ಸಂದಿಯಲ್ಲಿದ್ದ ತಿಂಡಿಯ ಚೂರನ್ನು ಆಮೇಲೆ ನುಂಗಿದ್ದರೆ? ಎಷ್ಟೋ ಭಾನುವಾರ ಸಾಲಿನಲ್ಲಿ ಎದ್ದು ನಿಂತು, ಅರ್ಧ ದಾರಿಯಿಂದ ವಾಪಸ್ ಬಂದು ಬೆಂಚಿನಲ್ಲಿ ಕುಳಿತಿದ್ದೇನೆ.

ಯಾವ ಪಾಪ, ಎಷ್ಟು ಸಲ ಅಂತ ಹೇಳಬೇಕು ಎಂದು ಧರ್ಮೋಪದೇಶದ ಕ್ಲಾಸಿನಲ್ಲಿ ಕಲಿತಿದ್ದೆವು. 1551ರಲ್ಲಿ ಟ್ರೆಂಟ್ ಸಭೆ, ಅಂದರೆ ಆ ಊರಿನಲ್ಲಿ ಸೇರಿದ ಧರ್ಮಸಭೆಯ ಬಿಷಪ್‌ಗಳ ಮಹಾಸಭೆ, ಹೇಳಿದ ಮಾತು ಅದು. ಆದರೆ ಅದು ಹೇಳಿದ್ದು ಮಾರಕ ಪಾಪಗಳಿಗೆ. ವಿಷಯ ದೊಡ್ಡದಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು. ಮೂರೂ ಇದ್ದರೆ ಮಾತ್ರ ಮಾರಕ ಪಾಪ. ಈ ಮಾತು ನನ್ನ ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಪ್ರಾರ್ಥನೆಯ ನಡುವೆ ಕೆಟ್ಟ ಯೋಚನೆ ಸುಮ್ನೆ ಹಾದುಹೋದರೂ, ನಾನೇ ಕರೆದೆನೇನೋ ಅಂತ ರಾತ್ರಿ ಇಡೀ ವಿಚಾರಣೆ ನಡೆಸುತ್ತಿದ್ದೆ. ಒಬ್ಬ ಗುರುಗಳು ಒಮ್ಮೆ ಬೇಸತ್ತು 'ಮತ್ತೆ ಇದೇನಾ, ಏಳು' ಎಂದು ಗದರಿದರು. ಅವತ್ತಿನಿಂದ ದೂರದ ಊರಿನ ಇಗರ್ಜಿಗಳಿಗೆ, ಅಂದರೆ ಚರ್ಚುಗಳಿಗೆ, ಬಸ್ಸು ಹತ್ತಿ ಹೋಗುವುದು ಅಭ್ಯಾಸವಾಯಿತು. ಗುರುತಿಲ್ಲದ ಕಿವಿ ಬೇಕಿತ್ತು.

ಅಂಥ ಒಂದು ಊರಿನಲ್ಲೇ ಆ ವಯಸ್ಸಾದ ಗುರುಗಳು ಸಿಕ್ಕಿದರು. ಕುಮ್ಸಾರಿನ ಗುಟ್ಟು ಗುರುಗಳನ್ನು ಕಟ್ಟಿಹಾಕುತ್ತದೆ. ಪ್ರಾಣ ಹೋದರೂ ಅವರು ಬಾಯಿ ಬಿಡುವಂತಿಲ್ಲ. ಪಾಪ ಹೇಳಿಕೊಂಡವನಿಗೆ ಆ ಕಟ್ಟು ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಎರಡು ಹಾಳೆ ಪಟ್ಟಿ ಬರೆದುಕೊಂಡು ಹೋಗಿದ್ದೆ. ಅರ್ಧ ಪುಟ ಓದುವಷ್ಟರಲ್ಲಿ ಅವರು ಮೆಲ್ಲಗೆ ಕೇಳಿದರು: 'ಇದರಲ್ಲಿ ಯಾವುದನ್ನು ಮಾಡಿದ್ದೇನೆ ಅಂತ ಶುಭಸಂದೇಶದ ಮೇಲೆ ಕೈಯಿಟ್ಟು ಆಣೆ ಮಾಡುತ್ತೀಯ?' ನಾನು ಪಟ್ಟಿ ನೋಡಿದೆ. ಒಂದಕ್ಕೂ ಆಣೆ ಮಾಡುವ ಧೈರ್ಯ ಇರಲಿಲ್ಲ. 'ಹಾಗಾದರೆ ಹಾಳೆ ಮಡಚು' ಎಂದರು.

ಆಮೇಲೆ ಹೊರಗೆ ಕೂರಿಸಿಕೊಂಡು ಯೇಸುಸಭೆಯನ್ನು ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸರ ವಿಷಯ ಹೇಳಿದರು. 1522ರಲ್ಲಿ ಅವರು ಸ್ಪೇನಿನ ಮೊಂಟ್ಸೆರಾಟ್‌ನಲ್ಲಿ ಮೂರು ದಿನ ಕೂತು ಇಡೀ ಜೀವನದ ಪಾಪಗಳನ್ನು ಬರೆದು ನಿವೇದಿಸಿದವರು. ಆದರೂ ಹತ್ತಿರದ ಮನ್ರೇಸಾ ಊರಿಗೆ ಬಂದ ಮೇಲೆ ಏನೋ ಬಿಟ್ಟುಹೋಯಿತು ಅನ್ನುವ ಕಾಟ ಶುರುವಾಯಿತು. ತುಂಬಾ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯದನ್ನು ಹೇಳು ಅಂತ ಅವರ ಗುರುಗಳು ಅಪ್ಪಣೆ ಕೊಟ್ಟರು. ಅದು ಕೆಲಸಕ್ಕೆ ಬರಲಿಲ್ಲ. ಅವರಿಗೆ ಎಲ್ಲವೂ ಸ್ಪಷ್ಟವೇ ಅನ್ನಿಸುತ್ತಿತ್ತು! ಕೋಣೆಯಲ್ಲಿದ್ದ ಗುಂಡಿಗೆ ಹಾರಿಬಿಡೋಣ ಅನ್ನುವವರೆಗೂ ಹೋಗಿತ್ತು. ಕೊನೆಗೆ ಒಂದು ದಿನ ಹಳೆಯ ಪಾಪಗಳನ್ನು ಇನ್ನು ಎತ್ತುವುದಿಲ್ಲ ಎಂದು ತೀರ್ಮಾನ ಮಾಡಿದರು. ಆಗ ಬಿಡುಗಡೆ ಸಿಕ್ಕಿತು. ಶಿಲುಬೆಯ ಆಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿಯನ್ನು ತುಳಿದು ಪಾಪ ಮಾಡಿದೆ ಅಂದುಕೊಳ್ಳುವವನ ಉದಾಹರಣೆ ಅವರೇ ಬರೆದಿಟ್ಟದ್ದು. ಕಡ್ಡಿ ತುಳಿದವನ ಮಾತು ಕೇಳಿ ನನಗೆ ಅಳು ಬಂತು. ಐನೂರು ವರ್ಷದ ಹಿಂದೆಯೂ ನನ್ನಂಥವನು ಇದ್ದನಲ್ಲ ಅಂತ.

ಈ ಕಾಟಕ್ಕೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರಿನ ಅರ್ಥ ಸಣ್ಣ ಚೂಪು ಕಲ್ಲು. ಚಪ್ಪಲಿಯೊಳಗೆ ಸಿಕ್ಕಿದ ಹರಳು. ನಾನು ಅದನ್ನು ತೆಗೆಯದೆ, ಹೆಜ್ಜೆಗೊಮ್ಮೆ ಕಾಲು ಎತ್ತಿ ಎಲ್ಲಿ ಚುಚ್ಚಿತು ಅಂತ ನೋಡುತ್ತಿದ್ದೆ.

ಗುರುಗಳು ಕಟ್ಟುಪಾಡು ಹಾಕಿದರು. ಇನ್ನು ಮುಂದೆ ಅವರ ಹತ್ತಿರ ಮಾತ್ರ ಕುಮ್ಸಾರ್, ಅದೂ ತಿಂಗಳ ಮೊದಲ ಶುಕ್ರವಾರ. ಹಿಂದೆ ನಿವೇದಿಸಿದ್ದನ್ನು ಮತ್ತೆ ಎತ್ತಬಾರದು. ಆತ್ಮಶೋಧನೆಗೆ ಹತ್ತು ನಿಮಿಷ, ಜಾಸ್ತಿ ಇಲ್ಲ. ಆಣೆ ಮಾಡಲು ಆಗದ್ದನ್ನು ತರಬಾರದು. ಅನುಮಾನ ಇದ್ದರೂ ಪರಮಪ್ರಸಾದಕ್ಕೆ ಹೋಗಬೇಕು. 'ತಪ್ಪಾದರೆ ಅದರ ಹೊಣೆ ನನ್ನದು, ದೇವರಿಗೆ ನಾನು ಉತ್ತರ ಕೊಡುತ್ತೇನೆ' ಎಂದರು. ಆ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇದು ಅವರ ಸ್ವಂತ ಉಪಾಯವೂ ಅಲ್ಲ. ಹದಿನೆಂಟನೇ ಶತಮಾನದ ಇಟಲಿಯ ಸಂತ ಅಲ್ಫೋನ್ಸಸ್ ಲಿಗೋರಿಯವರೂ ಈ ನೋವು ಉಂಡವರೇ. ಇಂಥವರು ತಮ್ಮ ಗುರುಗಳ ಮಾತನ್ನು ನಂಬಿ ನಡೆಯಲಿ ಅಂತ ಅವರು ಕಲಿಸಿದರು. 1950ರಲ್ಲಿ ಧರ್ಮಸಭೆ ಅವರನ್ನು ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತ ಎಂದು ಸಾರಿತು.

ಮೊದಲ ತಿಂಗಳು ನರಕ. ಅನುಮಾನ ಹೇಳಿಕೊಂಡರೆ ಹತ್ತು ನಿಮಿಷವಾದರೂ ಹಗುರ ಅನ್ನಿಸುತ್ತಿತ್ತು, ಈಗ ಅದೂ ಇಲ್ಲ. ಮೈ ಬೆವರುತ್ತಿತ್ತು. ಒಮ್ಮೆ ತಡೆಯಲಾರದೆ ಬೇರೆ ಊರಿನ ಬಸ್ಸು ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ವಾಪಸ್ ಬಂದೆ. ಹೆದರಿಕೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ ಅನ್ನುವುದು ಆವತ್ತು ಗೊತ್ತಾಯಿತು. ಪರಿಹಾರ ಹುಡುಕದೆ ಅದು ಇಳಿದದ್ದು ಅದೇ ಮೊದಲು.

ಡಾಕ್ಟರನ್ನೂ ನೋಡು ಅಂತ ಕಳಿಸಿದವರು ಅದೇ ಗುರುಗಳು. ಇದಕ್ಕೆ ಓಸಿಡಿ, ಅಂದರೆ ಗೀಳು ಕಾಯಿಲೆ ಎನ್ನುತ್ತಾರೆ, ಕೆಲವರಿಗೆ ಕೈ ತೊಳೆಯುವುದರಲ್ಲಿ ಬರುತ್ತದೆ, ನಿಮಗೆ ದೇವರ ವಿಷಯದಲ್ಲಿ ಬಂದಿದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ಅವರು ಹೇಳಿಕೊಟ್ಟ ಅಭ್ಯಾಸವೂ ಅದೇ ಆಗಿತ್ತು: ಅನುಮಾನ ಬರಲಿ, ಪರೀಕ್ಷೆ ಮಾಡಬೇಡಿ. ನಂಬಿಕೆ ಇರುವವರು ಡಾಕ್ಟರ ಹತ್ತಿರ ಹೋಗಲು ಹಿಂಜರಿಯಬಾರದು ಅಂತ ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಹಾಗೆಯೇ ಕುಮ್ಸಾರನ್ನು ಬಿಟ್ಟುಬಿಡಿ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪಾಪನಿವೇದನೆಯ ಜಾಗ ಹಿಂಸೆಯ ಕೋಣೆ ಆಗಬಾರದು, ದೇವರ ಕರುಣೆ ಸಿಗುವ ಜಾಗ ಆಗಬೇಕು ಅಂತ ಪೋಪ್ ಫ್ರಾನ್ಸಿಸ್ 2013ರಲ್ಲಿ ಗುರುಗಳಿಗೆ ಬರೆದರು. ನನಗೆ ಬೇಕಾಗಿದ್ದದ್ದು ಅದೇ.

ಏಳೆಂಟು ತಿಂಗಳಾದ ಮೇಲೆ ಗದ್ದಲ ಕಡಿಮೆಯಾಯಿತು. ಒಂದು ರಾತ್ರಿ ಹತ್ತು ನಿಮಿಷದ ಆತ್ಮಶೋಧನೆಗೆ ಕೂತಿದ್ದೆ. ತೋಟದ ಒಬ್ಬ ಹೆಂಗಸಿನ ಮುಖ ಬಂತು. ಒಂದು ಮಳೆಗಾಲದಲ್ಲಿ ಅವಳು ಆಗಾಗ ಅರ್ಧ ಗಂಟೆ ತಡವಾಗಿ ಬರುತ್ತಿದ್ದಳು. ನಾನು ಅರ್ಧ ದಿನದ ಹಾಜರಿ ಹಾಕುತ್ತಿದ್ದೆ. ಸಂಜೆವರೆಗೂ ದುಡಿದಿದ್ದಳು. ಹಾಗೆ ಹಾಕು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಬಿಗಿ ಮನುಷ್ಯ ಅಂತ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ. ಅದೇ ವರ್ಷ ಕಾಫಿ ಕುಡಿದ ನಿಮಿಷಗಳನ್ನು ಎಷ್ಟು ಸಲ ನಿವೇದಿಸಿದ್ದೆನೋ. ಇದನ್ನು ಒಂದು ಸಲವೂ ಹೇಳಿರಲಿಲ್ಲ, ನೆನಪಿಗೇ ಬಂದಿರಲಿಲ್ಲ. ಇದು ಹುಳದ ಹಾಗೆ ಕೊರೆಯಲಿಲ್ಲ. ಕಲ್ಲಿನ ಹಾಗೆ ಸುಮ್ಮನೆ ಕೂತಿತ್ತು. ಆಣೆ ಮಾಡು ಅಂದಿದ್ದರೆ ಮಾಡುತ್ತಿದ್ದೆ.

ಮಾರನೇ ದಿನ ಹಳೆಯ ಚೆಕ್‌ರೋಲ್ ತೆಗೆದು ನೋಡಿದೆ. ಹನ್ನೊಂದು ಅರ್ಧ ದಿನ. ಈಗಿನ ಕೂಲಿಯ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ತೋಟದ ಆಳುಗಳ ಲೈನಿನಲ್ಲಿದ್ದ ಅವಳ ಮನೆಗೆ ಹೋದೆ. ಕಿತ್ತುಕೊಂಡದ್ದನ್ನು ವಾಪಸ್ ಕೊಡದೆ ಬರೀ ಕ್ಷಮೆ ಕೇಳಿದರೆ ಸಾಲದು, ಅದೂ ನಮ್ಮ ಧರ್ಮೋಪದೇಶದ ಮಾತೇ. ಯಾಕೆ ಅಂತ ವಿವರಿಸಿದೆ. ಅವಳು ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. 'ಮಗುಗೆ ಜ್ವರ ಅಂತ ಆವತ್ತೇ ಹೇಳಿದ್ದೆನಲ್ಲ ರೈಟ್ರೇ' ಎಂದಳು. ಹೌದು, ಹೇಳಿದ್ದಳು.

ಮೊದಲ ಶುಕ್ರವಾರ ಗುರುಗಳ ಮುಂದೆ ಮೊಣಕಾಲೂರಿ ಇದೊಂದನ್ನೇ ಹೇಳಿದೆ. ಎಷ್ಟು ಸಲ ಅಂತ ಅವರು ಕೇಳಲಿಲ್ಲ. ಹನ್ನೊಂದು ಅಂತ ನಾನೇ ಹೇಳಿದೆ. ಹೊರಗೆ ಬಂದಾಗ ಬಸ್ಸು ನಿಂತಿತ್ತು. ಹತ್ತಿ ಊರಿಗೆ ಬಂದೆ.